ಎಪ್ಪತ್ತು ಸಾವಿರ ಕಾಣದ ಪೆಟ್ಟಿಗೆ

ಬಟ್ಟೆ ಗಿರಣಿಯಲ್ಲಿ ಅವಳನ್ನು ಎಲ್ಲರೂ ಪೆಟ್ಟಿಗೆ ಅಕ್ಕ ಎನ್ನುತ್ತಿದ್ದರು. ಮಗ್ಗಗಳ ಪಕ್ಕದ ಕಂಟ್ರೋಲ್ ಪೆಟ್ಟಿಗೆಗಳನ್ನು ಇಪ್ಪತ್ತೇಳು ವರ್ಷದಿಂದ ರಿಪೇರಿ ಮಾಡುತ್ತಿದ್ದವಳು ಅವಳೊಬ್ಬಳೇ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವನೊಂದು ದಡ ಸೇರಲಿ" ಎಂದು ಮುಂದೂಡುತ್ತ ಮುಂದೂಡುತ್ತ ತಲೆ ನರೆಯಿತು. ತಮ್ಮನೇನೋ ದಡ ಸೇರಿದ. ಅದೇ ಗಿರಣಿಯಲ್ಲಿ ಮೇಸ್ತ್ರಿಯಾದ, ಹೆಂಡತಿ, ಇಬ್ಬರು ಮಕ್ಕಳು.

ಪೆಟ್ಟಿಗೆಯ ಕಿಟಕಿಯಲ್ಲಿ ಮಗ್ಗದ ಸುತ್ತುಗಳ ಸಂಖ್ಯೆ ಓಡುತ್ತಿರುತ್ತದೆ. ಅರವತ್ತು ಸಾವಿರ ಕಂಡ ಕೂಡಲೇ ಎಣ್ಣೆ ಹಾಕಿ, ಗುಂಡಿ ಒತ್ತಿ ಮತ್ತೆ ಸೊನ್ನೆಗೆ ತರುವುದು ವಾಡಿಕೆ. ಹೊಸ ಮ್ಯಾನೇಜರನಿಗೆ ಎಣ್ಣೆ ಉಳಿಸುವ ಹುಚ್ಚು. ಎಪ್ಪತ್ತು ಸಾವಿರಕ್ಕೆ ಹಾಕಿದರೆ ಆಗುವುದಿಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ ಅಕ್ಕನನ್ನು ಕೇಳಿದ.

ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು. "ಆಗಲ್ಲ ಕಣೋ. ಇದರ ಪ್ರೊಸೆಸರ್ ಹಳೇದು, ಒಂದ್ಸಲಕ್ಕೆ ಹದಿನಾರೇ ಬಿಟ್ ಎತ್ಕೊಳ್ಳೋದು, ಸುತ್ತಿನ ಲೆಕ್ಕಾನೂ ಅಷ್ಟರಲ್ಲೇ ಇಡೋದು. ಹದಿನಾರು ಮನೆ ಅಂದ್ಕೋ. ಒಂದೊಂದರಲ್ಲೂ ಸೊನ್ನೆ, ಇಲ್ಲ ಒಂದು, ಅಷ್ಟೇ. ಎಲ್ಲಾ ಮನೇಲೂ ಒಂದು ತುಂಬಿದ್ರೆ ಅರವತ್ತೈದು ಸಾವಿರದ ಐನೂರ ಮೂವತ್ತೈದು. ಇನ್ನೊಂದು ಸುತ್ತು ಬಂತೋ, ಹಾಕೋಕೆ ಮನೆ ಇಲ್ಲ, ಎಲ್ಲಾ ಸೊನ್ನೆ ಆಗ್ಬಿಡುತ್ತೆ. ಎಪ್ಪತ್ತು ಸಾವಿರ ನಿನ್ನ ಮೊಮ್ಮಕ್ಕಳಿಗೂ ಕಾಣಲ್ಲ."

"ಗೊತ್ತು ಬಿಡಕ್ಕ, ಹೇಳ್ತೀನಿ" ಎಂದ ತಮ್ಮ.

ಹೇಳಿದನೇ? ಮ್ಯಾನೇಜರನ ಮುಂದೆ ಆಗಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಕೋಲೆಬಸವನ ಹಾಗೆ ತಲೆಯಾಡಿಸಿ ಬಂದ. ಅಕ್ಕ ಜ್ವರದಿಂದ ಮನೆಯಲ್ಲಿ ಮಲಗಿದ್ದ ವಾರವೇ ಎಪ್ಪತ್ತು ಸಾವಿರ ಕಂಡ ಮೇಲೆಯೇ ಎಣ್ಣೆ ಎಂಬ ಹೊಸ ಹುಕುಂ ಗೋಡೆಗೆ ಅಂಟಿತು. ಕೆಲಸದವರು ಕಿಟಕಿ ನೋಡುವರು: ಮೂರು ಸಾವಿರ, ಒಂಬತ್ತು ಸಾವಿರ. ಯಾರೋ ಈಗತಾನೆ ಎಣ್ಣೆ ಹಾಕಿ ಹೋಗಿದ್ದಾರೆ ಎಂದು ಸುಮ್ಮನಾಗುವರು. ಪಾಪ, ಅವರದೇನು ತಪ್ಪು? ನಾಲ್ಕನೆಯ ದಿನ ಆರು ಮಗ್ಗಗಳು ಬೇರಿಂಗ್ ಸುಟ್ಟು ನಿಂತವು.

ಜ್ವರ ಬಿಟ್ಟು ಬಂದ ಅಕ್ಕನನ್ನು ನೇರ ವಿಚಾರಣೆಗೆ ಕರೆದರು. "ಎಪ್ಪತ್ತು ಸಾವಿರ ಆಗುತ್ತೆ ಅಂದಿದ್ದು ಯಾರು?" ಎಂದ ಮ್ಯಾನೇಜರ್.

ತಮ್ಮ ಮೇಜಿನ ಅಂಚು ನೋಡುತ್ತ, "ಅಕ್ಕನೇ ಸರ್. ಪೆಟ್ಟಿಗೆ ಒಳಗಿಂದು ನಂಗೇನು ಗೊತ್ತು?" ಎಂದ.

ಆ ಹದಿನಾರು ಮನೆಗಳ ಲೆಕ್ಕವನ್ನು ಅವನಿಗೆ ಬೆರಳು ಹಿಡಿದು ಕಲಿಸಿದವಳ ಎದುರಿಗೇ ಹೀಗೆ ಗೂಬೆ ಕೂರಿಸಿದ, ಮಹಾನುಭಾವ! ಹೇಳುವವರಿಗೇ ಮೈ ಉರಿಯುತ್ತದೆ.

"ಇಲ್ಲ ಸರ್, ಆಗಲ್ಲ ಅಂತಲೇ ಹೇಳಿದ್ದೆ" ಎಂದಳು ಅಕ್ಕ. ಯಾರೂ ನಂಬಲಿಲ್ಲ. ಒಡಹುಟ್ಟಿದ ತಮ್ಮನೇ ಹೇಳುತ್ತಿರುವಾಗ ಸುಳ್ಳಿರುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಅವಳ ಕೆಲಸ ಹೋಯಿತು.

ಗೇಟಿನ ತನಕ ಅವನು ಹಿಂದೆಯೇ ಬಂದ. "ಬೇರೆ ದಾರಿ ಇರ್ಲಿಲ್ಲ ಅಕ್ಕ. ನಂಗೆ ಹೆಂಡ್ತಿ ಮಕ್ಕಳಿದ್ದಾರೆ. ನಿಂಗೆ ಯಾರಿದ್ದಾರೆ ಹೇಳು?"

ಅಕ್ಕ ನಿಂತು ಅವನ ಮುಖ ನೋಡಿದಳು.

"ನೀನಿದ್ದೀಯ ಅಂದ್ಕೊಂಡಿದ್ದೆ" ಎಂದಳು.