ಒಂದು ಬಕೆಟ್ ಸಿಗಡಿ

ಗಾಳದ ಮುಳ್ಳಿಗೆ ನೂಲು, ಗರಿ ಸುತ್ತಿ ನೀರುಹುಳುವಿನ ವೇಷ ಹಾಕಿಸುವುದರಲ್ಲಿ ಐವರ್ ಟಲಕ್‌ನನ್ನು ಮೀರಿಸುವವರು ನಮ್ಮ ಟಿನ್‌ಕಪ್ ಕೆರೆಯ ಸುತ್ತ ಯಾರೂ ಇಲ್ಲ. ಎಪ್ಪತ್ತಾರು ವರ್ಷ, ಕೈ ನಡುಗುತ್ತದೆ. ಗಾಳದ ಮುಳ್ಳು ಹಿಡಿದರೆ ಮಾತ್ರ ನಡುಕ ನಿಲ್ಲುತ್ತದೆ. ದೋಣಿಯ ಎರಡೂ ತುದಿಗೆ ಲಂಗರು ಬಿಟ್ಟು, ದಾರ ಎಸೆದು, ಅದು ಮುಳುಗುವವರೆಗೆ ಎಣಿಸುತ್ತಾ ಕೂರುತ್ತಾನೆ. ನಲವತ್ತು ಎಣಿಸಿದ ಮೇಲೆ ಬೆರಳಷ್ಟು ಬೆರಳಷ್ಟೇ ಎಳೆಯಬೇಕು. ಅವಸರದವರಿಗೆ ನಿಂತ ನೀರಿನ ಟ್ರೌಟ್ ಮೀನು ಸಿಗುವುದಿಲ್ಲ. ಕೆರೆದಂಡೆಯಲ್ಲಿ ಅಂಗಡಿ, ಬಾಡಿಗೆ ಮನೆ ನಡೆಸುವ ನಾನು ಮೂವತ್ತು ವರ್ಷದಿಂದ ಅವನ ದೋಣಿಯಲ್ಲಿ ಕೂತು ಕಲಿಯುತ್ತಲೇ ಇದ್ದೇನೆ, ಬೈಸಿಕೊಳ್ಳುತ್ತಲೂ ಇದ್ದೇನೆ.

ಟಿನ್‌ಕಪ್‌ನಲ್ಲಿ ಇಂಥ ಗರಿಹುಳು ಬಿಟ್ಟು ಬೇರೇನನ್ನೂ ಗಾಳಕ್ಕೆ ಹಾಕುವಂತಿಲ್ಲ. ಅದು ಕಾನೂನು; ನಮ್ಮವರಿಗೋ ಅದು ಜಾತಿ ಇದ್ದ ಹಾಗೆ. ಕೆರೆಯ ಮೇಲ್ತುದಿಯ ಮನೆಯ ಎಮಿಲ್ ಕೊವಾಲ್ ಎರೆಹುಳು ಹಾಕಿ ಹಿಡಿಯುವವನು. ಅದಕ್ಕೆಂದೇ ಪಾಪ, ಮೂವತ್ತು ಕಿಲೋಮೀಟರ್ ಆಚೆಯ ಆಕ್ಸ್‌ಬೋ ಕೆರೆಗೆ ಹೋಗಿಬರುತ್ತಿದ್ದ. ಆದರೂ ಊರವರ ಬಾಯಲ್ಲಿ ಅವನ ಹೆಸರೇ ‘ಎರೆಹುಳು’.

ನಾಲ್ಕು ವರ್ಷದ ಹಿಂದೆ ನಮ್ಮ ಕೆರೆಯಲ್ಲಿ ಪಕ್ಕೆಗೆ ಕೆಂಪು ಗೆರೆಯ ಪುಟ್ಟ ಮೀನುಗಳು ಕಾಣಿಸಿಕೊಂಡವು. ನೋಡನೋಡುತ್ತಿದ್ದಂತೆ ಕೆರೆ ತುಂಬಿದವು, ಟ್ರೌಟ್‌ಗಳ ಮೇವನ್ನೆಲ್ಲ ತಿಂದು ಮುಗಿಸಿದವು. ಟ್ರೌಟ್‌ಗಳು ದೊಡ್ಡ ತಲೆ, ಒಣಕಲು ಮೈ ಆದವು. ತಂದವರು ಯಾರು ಎಂದು ಯಾರೂ ವಿಚಾರಿಸಲಿಲ್ಲ.

“ಗಾಳಕ್ಕೆ ಚುಚ್ಚೋಕೆ ಆಕ್ಸ್‌ಬೋಯಿಂದ ಜೀವಂತ ಮರಿ ತಂದಿದ್ದಾನೆ, ಮಿಕ್ಕಿದ್ದನ್ನ ಇಲ್ಲಿ ಸುರಿದಿದ್ದಾನೆ. ಎರೆಹುಳುಗೆ ಇನ್ನೆಂಥ ಬುದ್ಧಿ ಇರತ್ತೆ?” ಎಂದ ನಮ್ಮ ಗಾಳದವರ ಸಂಘದ ಅಧ್ಯಕ್ಷ ಡೆಸ್ಮಂಡ್.

ಎಮಿಲ್‌ನ ದೋಣಿಯ ಹಗ್ಗವನ್ನು ಯಾರೋ ಕತ್ತರಿಸಿದರು. ನಾನೇನು ಕಮ್ಮಿಯೇ? ಕ್ಯಾನ್ ಹಿಡಿದು ಅಂಗಡಿಗೆ ಬಂದವನಿಗೆ, “ನಿಂಗೆ ಇಲ್ಲಿ ಪೆಟ್ರೋಲ್ ಇಲ್ಲ” ಎಂದೆ. ಅವನು ಖಾಲಿ ಕ್ಯಾನ್ ಹಿಡಿದು ಹೊರಟುಹೋದ. ಐವರ್ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ.

ಕಳೆದ ಜೂನ್‌ನಲ್ಲಿ ದೋಣಿಯಲ್ಲಿ ನಾವಿಬ್ಬರೇ ಇದ್ದೆವು. ಐವರ್‌ಗೊಂದು ಟ್ರೌಟ್ ಸಿಕ್ಕಿತು. ಅದು ಏನು ತಿಂದಿದೆಯೆಂದು ನೋಡಿಯೇ ಮುಂದಿನ ಗರಿಹುಳು ಆರಿಸುವುದು ಅವನ ಪದ್ಧತಿ. ಪುಟ್ಟ ಕೊಳವೆಯಿಂದ ಅದರ ಗಂಟಲಲ್ಲಿದ್ದುದನ್ನು ಹೀರಿ ಬಿಳಿ ಬಟ್ಟಲಿಗೆ ಬಿಟ್ಟ. ಬಿದ್ದದ್ದು ಕೆಂಪು ಗೆರೆಯ ಒಂದು ಮರಿ. ಅದನ್ನೇ ನೋಡುತ್ತಾ ಕೂತ.

“ಮಾರ್ನಿ, ಇದು ನಂದು.”

“ಏನು ನಿಂದು?”

“ಐದು ವರ್ಷದ ಹಿಂದೆ ಆಕ್ಸ್‌ಬೋಯಿಂದ ಒಂದು ಬಕೆಟ್ ಸಿಗಡಿ ತಂದು ಇಲ್ಲಿ ಬಿಟ್ಟೆ. ನೀರುಕಳೆ ಸಮೇತ, ನಮ್ಮಪ್ಪ ತರ್ತಿದ್ದ ಹಾಗೇ. ತಿಂದು ಟ್ರೌಟ್ ದಪ್ಪ ಆಗ್ಲಿ ಅಂತ. ಆ ಕಳೆಯಲ್ಲೇ ಇದರ ಮೊಟ್ಟೆ ಇದ್ದಿರ್ಬೇಕು. ಮೊದಲ್ನೇ ಮರಿ ಕಂಡಾಗ್ಲೇ ನಂಗೆ ಗೊತ್ತಾಯ್ತು.”

“ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ನಾನು ಎಮಿಲ್‌ನನ್ನ ಬಾಗಿಲಿಂದ ಅಟ್ಟಿದ್ದನ್ನ ನೋಡ್ತಾ ನೋಡ್ತಾ ಕಾಫಿ ಕುಡಿದ್ಯಲ್ಲೋ!”

“ಹೂಂ, ಕುಡಿದೆ.”

ನನಗೆ ಮೈಯೆಲ್ಲ ಉರಿಯಿತು. ಎದ್ದು ಹೋಗೋಣವೆಂದರೆ ಸುತ್ತಲೂ ನೀರು.

ಜುಲೈನಲ್ಲಿ ಸಭೆ ಸೇರಿತು. ಶರತ್ಕಾಲದಲ್ಲಿ ಕೆರೆಗೆ ವಿಷ ಹಾಕಿ ಇರುವ ಮೀನನ್ನೆಲ್ಲ ಕೊಲ್ಲಬೇಕು, ವಸಂತದಲ್ಲಿ ಹೊಸ ಟ್ರೌಟ್ ಮರಿ ಬಿಡಬೇಕು, ಬೇರೆ ದಾರಿಯಿಲ್ಲ ಎಂದರು ಮೀನುಗಾರಿಕೆ ಇಲಾಖೆಯ ಅಧಿಕಾರಿ. ಎಮಿಲ್ ಕಡೆಯ ಸಾಲಿನಲ್ಲಿ ಒಬ್ಬನೇ ಕೂತಿದ್ದ. ಐವರ್ ಎದ್ದು ನಿಂತು, ಬಕೆಟ್ಟಿನ ಕಥೆಯನ್ನು ಒಂದೂ ಬಿಡದೆ ಹೇಳಿದ. ಡೆಸ್ಮಂಡ್ ಬಂದು ಅವನನ್ನು ತಬ್ಬಿಕೊಂಡ.

“ನೋಡ್ರಪ್ಪಾ, ಎಂಥ ದೊಡ್ಡ ಮನಸ್ಸು! ಕಂಡವರ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೋತಿದ್ದಾನೆ. ಕೂತ್ಕೋ ಐವರ್, ನಿನ್ನಂಥೋನು ಇಂಥ ಕೆಲಸ ಮಾಡ್ತಾನಾ?”

“ಇಲ್ಲ ಕಣೋ, ನಾನೇ, ನಿಜವಾಗ್ಲೂ ನಾನೇ...” ಎಂದದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ನಾನು ಎದ್ದು, ಹೌದು, ನನಗೂ ಹೇಳಿದ್ದಾನೆ ಎನ್ನಬಹುದಿತ್ತು. ನನ್ನ ಗಿರಾಕಿಗಳೆಲ್ಲ ಅಲ್ಲೇ ಇದ್ದರು. ಕೂತೇ ಇದ್ದೆ. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಸಭೆ ಮುಗಿದ ಮೇಲೆ ಐವರ್ ಓಡುನಡಿಗೆಯಲ್ಲಿ ಹೋಗಿ ಎಮಿಲ್‌ನನ್ನು ತಡೆದ.

“ಹೇಳ್ದೆ ಕಣಯ್ಯಾ. ಅವ್ರು ನಂಬ್ಲಿಲ್ಲ.”

“ಮೂರು ವರ್ಷದ ಹಿಂದೆ ಹೇಳಿದ್ರೂ ನಂಬ್ತಿರ್ಲಿಲ್ಲ ಬಿಡು,” ಎಂದ ಎಮಿಲ್. “ಆದ್ರೆ ನಂಗಾದ್ರೂ ಒಂದು ಮಾತು ಹೇಳ್ಬೋದಿತ್ತಲ್ಲ. ಆಕ್ಸ್‌ಬೋಯಿಂದ ಬಂದು ಇಲ್ಲಿ ತೊಳೀತಿದ್ದ ಎರೆಹುಳು ಡಬ್ಬಿಯಲ್ಲೇ ಆ ಮೊಟ್ಟೆ ಬಂತೇನೋ ಅಂತ ನಾನೂ ನಂಬಿಬಿಟ್ಟಿದ್ದೆ.”

ಆಗಸ್ಟ್‌ನಲ್ಲಿ ಎಮಿಲ್ ಮನೆಗೆ ಬೀಗ ಹಾಕಿ ಹೊರಟುಹೋದ. ಅಕ್ಟೋಬರ್‌ನಲ್ಲಿ ವಿಷ ಹಾಕಿದರು. ಐವರ್ ಮೂರು ದಿನ ಒಬ್ಬನೇ ದೋಣಿಯಲ್ಲಿ ತಿರುಗಿ ಸತ್ತ ಟ್ರೌಟ್ ಹೆಕ್ಕಿದ. ಸಹಾಯಕ್ಕೆ ಹೋದವರನ್ನು ಹತ್ತಿರ ಸೇರಿಸಲಿಲ್ಲ.

ಈ ಮೇ ತಿಂಗಳಲ್ಲಿ ಹೊಸ ಮರಿಗಳು ಬಂದವು. ಮೊದಲ ಬಕೆಟ್ ಸುರಿಯುವ ಗೌರವ ಐವರ್‌ಗೇ ಸಲ್ಲಬೇಕೆಂದು ಸಂಘದವರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದರು. ಅವನು ಬಕೆಟ್ ಹಿಡಿದು ಮೊಣಕಾಲು ನೀರಿನಲ್ಲಿ ನಿಂತ. ಮೇಲ್ತುದಿಯ ಬೀಗ ಹಾಕಿದ ಮನೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

“ಸುರಿ ಐವರ್!” ಎಂದ ಡೆಸ್ಮಂಡ್.

“ಈ ಕೈಯಿಂದ ಇನ್ನು ಬೇಡ,” ಎಂದು ಐವರ್ ಬಕೆಟ್ಟನ್ನು ದಡದಲ್ಲಿಟ್ಟು ಮನೆಯ ಕಡೆ ನಡೆದ. ಮರಿಗಳು ಬಾಯಿ ಬಿಡುತ್ತಿದ್ದವು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಸುರಿದೆ. ಅವರು ಚಪ್ಪಾಳೆ ತಟ್ಟಿದರು.