ಐದು ಮನೆಗಳ ಹೆಬ್ಬೆಟ್ಟು

ಸುಮತಿ, ಆ ಕಾಗದ ಟೈಪ್ ಮಾಡಿದವಳು ನಾನು. ನಿನ್ನ ಅಮ್ಮ ಹೆಬ್ಬೆಟ್ಟು ಒತ್ತುವ ಮೊದಲೇ ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಪ್ರತಿ ಕ್ರಿಸ್ಮಸ್ಸಿಗೆ ನೀನು ನನ್ನ ಕೊಟ್ಟಾರದ ಮನೆಗೆ ಬಂದು, ‘ಬಾಯಮ್ಮ, ನಿಮಗೂ ಧಣಿಗಳು ಮೋಸ ಮಾಡಿದರಲ್ಲ’ ಎಂದು ಮರುಗುತ್ತೀ. ನಾನು ತಲೆಯಾಡಿಸುತ್ತೇನೆ. ನನಗೆ ಯಾರೂ ಮೋಸ ಮಾಡಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನೀನಿನ್ನೂ ಚಿಕ್ಕವಳು. ಹಂಪನಕಟ್ಟೆಯ ಒಂದು ಹೋಟೆಲಿನಲ್ಲಿ ಕೌಂಟರಿಗೂ ನಾನೇ, ಟೈಪಿಗೂ ನಾನೇ. ಗೋವಾದಿಂದ ಕೇರಳಕ್ಕೆ ಹೋಗುವ ಪರದೇಶದವರು ಅಲ್ಲಿ ತಂಗುತ್ತಿದ್ದರು. ಒಮ್ಮೆ ಅವರಲ್ಲಿ ಒಂದು ದಂಪತಿಯನ್ನು ಸಮುದ್ರ ತೋರಿಸಲು ಉಳ್ಳಾಲಕ್ಕೆ ಕರೆತಂದೆ. ಅಲ್ಲಿ ನನಗೆ ಗೊತ್ತಿದ್ದವಳು ನಮ್ಮ ಮನೆಗೆ ಮೀನು ತರುತ್ತಿದ್ದ ನಿನ್ನ ಅಮ್ಮ, ಕಮಲಕ್ಕ ಒಬ್ಬಳೇ. ಅವಳು ಚಾಪೆ ಹಾಸಿ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದಳು. ಅವರು ಮೂರು ದಿನ ಅಲ್ಲಿಂದ ಏಳಲೇ ಇಲ್ಲ.

ಮರುವರ್ಷ ಅವರ ಸ್ನೇಹಿತರು ಬಂದರು, ಆಮೇಲೆ ಅವರ ಸ್ನೇಹಿತರು. ಕಮಲಕ್ಕನ ಮನೆಯಿದ್ದ ತೆಂಗಿನ ತೋಟದ ಐದು ಮನೆಯವರೂ ಸರದಿ ಮಾಡಿಕೊಂಡರು. ಯಾರ ಮನೆಯಲ್ಲಿ ಊಟ, ಯಾರ ದೋಣಿಯಲ್ಲಿ ತಿರುಗಾಟ — ಎಲ್ಲವನ್ನೂ ಕಮಲಕ್ಕನ ಅಂಗಳದಲ್ಲಿ ಕುಳಿತು ಅವರವರೇ ತೀರ್ಮಾನಿಸುತ್ತಿದ್ದರು. ಇಂಥದ್ದಕ್ಕೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಆಗ ಬಂದವರು ನೆಂಟರು, ಅಷ್ಟೇ.

ಆ ತೋಟ ನಮ್ಮ ಹೋಟೆಲಿನ ಧಣಿಗಳ ಕುಟುಂಬದ್ದು. ಆದರೆ ನಿಮ್ಮವರು ಮೂರು ತಲೆಮಾರಿನಿಂದ ಅಲ್ಲಿದ್ದರು. ಹೊಸ ಭೂಕಾನೂನಿನಂತೆ ಮನೆಯಡಿಯ ಜಾಗ ನಿಮಗೇ ಸಿಗುವುದಿತ್ತು. ಒಂದು ದಿನ ಧಣಿಗಳು ನನ್ನನ್ನು ಒಳಗೆ ಕರೆದರು.

‘ಸಿಸಿಲಿಯಾ, ಅಲ್ಲಿ ಕಾಟೇಜ್ ಕಟ್ಟಿಸ್ತೇವೆ. ನೀವೇ ಮ್ಯಾನೇಜರ್. ಮೊದಲು ಒಂದು ಕಾಗದ ಆಗ್ಬೇಕು.’

ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ‘ಈ ಜಾಗದ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಮಾಲೀಕರು ಕೇಳಿದಾಗ ಬಿಟ್ಟು ಹೋಗುತ್ತೇವೆ’ — ಆ ಸಾಲಿಗೆ ಬಂದಾಗ ಬೆರಳುಗಳು ನಿಂತುಬಿಟ್ಟವು.

‘ಎಂತಾಯ್ತು?’ ಎಂದರು ಧಣಿಗಳು.

‘ರಿಬ್ಬನ್ ಸಿಕ್ಕಿಕೊಂಡಿತು’ ಎಂದೆ.

ರಿಬ್ಬನ್ ಸರಿಯಾಗಿಯೇ ಇತ್ತು. ನಾನು ಮುಂದಿನ ಸಾಲಿಗೆ ಹೋದೆ. ಮ್ಯಾನೇಜರ್ — ನಮ್ಮ ಕುಟುಂಬದಲ್ಲಿ ಯಾವ ಹೆಂಗಸಿಗೂ ಸಿಗದ ಪದವಿ ಅದು...

ಮರುದಿನ ನಾನೇ ಕಾಗದ ಹಿಡಿದು ನಿಮ್ಮ ಮನೆಗೆ ಬಂದೆ.

‘ಇದು ಎಂತದ್ದು ಬಾಯಮ್ಮ?’

‘ಫಾರಿನ್‌ನವರು ಮನೆಯಲ್ಲಿ ಉಳಿಯಲಿಕ್ಕೆ ಪೊಲೀಸರ ಪರ್ಮಿಶನ್ ಬೇಕಂತೆ. ಅದಕ್ಕೆ.’

‘ನೀವು ಓದಿದ್ದೀರಲ್ಲ?’

‘ಓದಿದ್ದೇನೆ.’

ಅವಳಿಗೆ ಅಷ್ಟು ಸಾಕಾಯಿತು. ಒತ್ತಿದಳು. ಉಳಿದ ನಾಲ್ಕು ಮನೆಯವರು ಅನುಮಾನಿಸಿದಾಗ, ‘ಬನ್ನಿ, ಬಾಯಮ್ಮ ಓದಿ ನೋಡಿದ್ದಾರೆ’ ಎಂದು ಅವಳೇ ಒಬ್ಬೊಬ್ಬರನ್ನೂ ಕರೆತಂದಳು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಸುದ್ದಿ ಬಂದು ಉಳ್ಳಾಲಕ್ಕೆ ಓಡಿದೆ. ಗೊತ್ತಿದ್ದದ್ದೇ ನಡೆಯುತ್ತಿತ್ತು — ಆದರೂ ಕಂಡದ್ದು ಕಣ್ಣಿಗೆ ಹೊಂದಿಕೊಳ್ಳಲಿಲ್ಲ. ಮನೆಗಳಿಗೆ ಮಾಡು ಇರಲಿಲ್ಲ, ಧಣಿಗಳ ಆಳುಗಳು ಕಿತ್ತುಹಾಕಿದ್ದರು. ನಿಮ್ಮ ಅಡುಗೆ ಕೋಣೆಯ ಮಸಿ ಹಿಡಿದ ಗೋಡೆ ಬಿಸಿಲಲ್ಲಿ ನಿಂತಿತ್ತು. ನಿನ್ನ ಅಜ್ಜಿ ಬಲೆಯ ರಾಶಿಯ ಮೇಲೆ ಕುಳಿತಿದ್ದಳು. ಕಾಗದದಲ್ಲಿ ಅದು ಒಂದೇ ಒಂದು ಸಾಲಾಗಿತ್ತು.

ಗಂಡಸರು ನನ್ನನ್ನು ಸುತ್ತುಗಟ್ಟಿದರು. ‘ಇವರೇ ಅಲ್ವಾ ಕಾಗದ ತಂದದ್ದು?’

ಕಮಲಕ್ಕ ಜನರನ್ನು ಸರಿಸಿಕೊಂಡು ಬಂದು ನನ್ನ ಮುಂದೆ ನಿಂತಳು. ನನ್ನನ್ನು ಹಿಡಿದು ಕೇಳುತ್ತಾಳೆ ಅಂದುಕೊಂಡೆ. ಅವಳು ಅವರ ಕಡೆಗೆ ತಿರುಗಿದಳು.

‘ಬಾಯಮ್ಮನಿಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ. ಗೊತ್ತಿದ್ದರೆ ಅವರು ನನಗೆ ಹೇಳದೆ ಇರ್ತಿದ್ರಾ? ಅವರು ಓದಿದ ಕಾಗದವೇ ಬೇರೆ, ಧಣಿಗಳು ಬದಲಾಯಿಸಿದ್ದು. ಅವರಿಗೂ ಮೋಸ ಆದದ್ದು.’ ಆಮೇಲೆ ನನ್ನ ಮುಖ ನೋಡಿ, ‘ಹೌದಲ್ಲ ಬಾಯಮ್ಮ?’

ನಿಜ ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ. ಕಾಗದ ಹುಟ್ಟಿದ್ದು ಹೇಗೆಂದು ನಾನು ಬಾಯಿಬಿಟ್ಟಿದ್ದರೆ, ಅವರು ಅದನ್ನೇ ಹಿಡಿದು ಕೋರ್ಟಿಗೆ ಹೋಗಬಹುದಿತ್ತು —

‘ಹೌದು’ ಎಂದೆ.

ಕಾಟೇಜುಗಳು ಎದ್ದವು. ನಾನು ಮ್ಯಾನೇಜರ್ ಆದೆ. ‘ಕೆಲಸದಲ್ಲಿ ಇರುವವರು ಎಂತ ಮಾಡ್ಲಿಕ್ಕೆ ಆಗ್ತದೆ’ ಎಂದು ಕಮಲಕ್ಕ ಅದಕ್ಕೂ ನನ್ನ ಪರವಾಗಿಯೇ ಮಾತಾಡಿದಳು. ‘ಮೀನುಗಾರರ ಬದುಕನ್ನು ಹತ್ತಿರದಿಂದ ನೋಡಿ’ ಎಂದು ಜಾಹೀರಾತನ್ನೂ ನಾನೇ ಟೈಪ್ ಮಾಡಿದೆ. ನೋಡಲಿಕ್ಕೆ ಅಲ್ಲಿ ಯಾವ ಮೀನುಗಾರರೂ ಇರಲಿಲ್ಲ.

ನೀವು ಪಡೀಲಿನ ಬಾಡಿಗೆ ಕೋಣೆಗೆ ಹೋದಿರಿ. ‘ನಿನ್ನ ಮಾತು ಕೇಳಿ ನಾವು ಒತ್ತಿದ್ದು’ ಎಂದು ನಾಲ್ಕು ಮನೆಯವರೂ ಕಮಲಕ್ಕನ ಜೊತೆ ಮಾತು ಬಿಟ್ಟರು. ನಿನ್ನ ಮದುವೆಗೆ ಅವರಲ್ಲಿ ಒಬ್ಬರೂ ಬರಲಿಲ್ಲ. ನಿನ್ನ ಅಮ್ಮ ಬಾಗಿಲ ಕಡೆ ನೋಡುತ್ತಲೇ ಇದ್ದಳು. ನಾನು ಮುಂದಿನ ಸಾಲಿನಲ್ಲಿ ಕುಳಿತು ಊಟ ಮಾಡಿದೆ. ಅವಳು ತೀರಿಕೊಂಡಾಗಲೂ ಅವರು ಬರಲಿಲ್ಲ. ಬಂದವಳು ನಾನು. ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ.

ಇದನ್ನು ಓದಿ ನಿನಗೆ ಏನಾಗುತ್ತದೆಂದು ನಾನು ಊಹಿಸಬಲ್ಲೆ — ಇಲ್ಲ, ಊಹಿಸಲಾರೆ. ಕ್ಷಮೆ ಕೇಳಲು ಬರೆಯುತ್ತಿಲ್ಲ. ಆ ನಾಲ್ಕು ಮನೆಯವರು ಈಗ ಎಲ್ಲೆಲ್ಲಿದ್ದಾರೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಈ ಭಾನುವಾರದಿಂದ ಒಂದೊಂದೇ ಮನೆಗೆ ಹೋಗಿ, ಕಮಲಕ್ಕನಿಗೆ ಏನೂ ಗೊತ್ತಿರಲಿಲ್ಲ, ಗೊತ್ತಿದ್ದವಳು ನಾನು ಎಂದು ಹೇಳುತ್ತೇನೆ. ಅವರಿಗಿಂತ ಮೊದಲು ನಿನಗೆ ತಿಳಿಯಬೇಕೆಂದು ಇದನ್ನು ಬರೆದೆ.