ಮೇಷ್ಟ್ರ ಉದ್ದನೆಯ ಹೆಸರು

ನಮ್ಮ ಪಿಟೀಲು ಮೇಷ್ಟ್ರ ಬಲಗಾಲಿನ ಹರಡಿನ ಮೇಲೆ ಕಾಸಿನಗಲ ಜಡ್ಡುಗಟ್ಟಿದ ಕಪ್ಪು ಕಲೆಯಿತ್ತು. ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತುದಿಯನ್ನು ಅಲ್ಲಿ ಊರಿ ಊರಿ ಆದದ್ದು. ಚಾಮರಾಜಪೇಟೆಯ ಅವರ ನಡುಮನೆಯಲ್ಲಿ ನಾವು ಅಪಸ್ವರ ನುಡಿಸಿದರೆ ಮೊದಲು ಆ ಕಾಲಿನ ಹೆಬ್ಬೆರಳು ಅಲುಗುತ್ತಿತ್ತು, ಬೈಗುಳ ಆಮೇಲೆ.

ಅವರ ಹೆಸರೋ, ಒಂದು ಮೆರವಣಿಗೆ. ಊರು, ಮನೆತನ, ತಾತ, ಅಪ್ಪ, ಕೊನೆಗೆ ತಾವು. ಗ್ಯಾಸ್ ತಂದವನು ಕೇಳಿದರೂ ಪೂರ್ತಿ ಹೇಳುವರು. ಚಿಕ್ಕದು ಮಾಡಿ ಸಾರ್ ಎಂದು ನಾನು ರೇಗಿಸಿದರೆ ಅವರದು ಒಂದೇ ಮಾತು: "ಊರನ್ನ ಬಿಟ್ರೆ ಊರೋರು ಬೇಜಾರು ಮಾಡ್ಕೋತಾರೆ. ಅಪ್ಪನ್ನ ಬಿಟ್ರೆ ನಾನೇ ಇಲ್ಲ. ಯಾರನ್ನ ಬಿಡ್ಲಿ, ನೀನೇ ಹೇಳಮ್ಮ?"

ನನ್ನ ಮದುವೆ ಮುರಿದಾಗ ನೆಂಟರೆಲ್ಲ ಬುದ್ಧಿ ಹೇಳಿದರು. ಇವರೊಬ್ಬರು ಪಿಟೀಲು ಕೈಗಿಟ್ಟು, "ಮೊದ್ಲು ಶ್ರುತಿ ಮಾಡು. ಅಳೋದು ಆಮೇಲೆ ಅಳುವಿಯಂತೆ" ಎಂದರು. ನಾನು ಬದುಕಿಕೊಂಡದ್ದು ಆ ಮಾತಿನಿಂದ.

ಕಳೆದ ವರ್ಷ ಒಂದು ಮಧ್ಯಾಹ್ನ, ಅವರು ಯಾವಾಗಲೂ ಹೂ ಕೊಳ್ಳುತ್ತಿದ್ದ ಮಾರ್ಕೆಟ್ಟಿನ ಹೂವಿನಾಕೆ ಫೋನ್ ಮಾಡಿದಳು. "ಅಕ್ಕಾ, ಮೇಷ್ಟ್ರು ಬಿದ್ಬಿಟ್ರು. ಆಂಬುಲೆನ್ಸಲ್ಲಿ ದೊಡ್ಡಾಸ್ಪತ್ರೆಗೆ ಕಳ್ಸಿದೀವಿ. ಬೇಗ ಹೋಗಿ, ನಿಮ್ಮನ್ನೇ ಕೇಳ್ತಿದ್ರು."

ಆಸ್ಪತ್ರೆಯಲ್ಲಿ ವಾರ್ಡ್ ಯಾವುದೆಂದು ನನಗೆ ಗೊತ್ತಿಲ್ಲದ್ದರಿಂದ ಸೆಕ್ಯೂರಿಟಿಯವನು ಒಳಗೆ ಬಿಡಲಿಲ್ಲ. ಕೌಂಟರಿನ ಹುಡುಗಿಗೆ ಹೆಸರು ಪೂರ್ತಿ ಹೇಳಿದೆ.

"ಅಷ್ಟುದ್ದ ಕಂಪ್ಯೂಟರ್ ತಗೊಳಲ್ಲ ಮೇಡಂ. ಸರ್‌ನೇಮ್ ಮಾತ್ರ ಹೇಳಿ."

ಯಾರನ್ನು ಬಿಡಲಿ? ಊರು ಹಾಕಿದಳು, ಇಲ್ಲ. ಮನೆತನ, ಇಲ್ಲ. ತಾತನ ಹೆಸರು, ಅದೂ ಇಲ್ಲ. ಅಪ್ಪನ ಹೆಸರಿಗೂ ಅವರದೇ ಹೆಸರಿಗೂ ಪರದೆ ತುಂಬ ಜನ ಬಂದರು, ನಮ್ಮವರಿರಲಿಲ್ಲ. "ಇಲ್ಲಿಗೇ ಬಂದಿದಾರಾ, ಗ್ಯಾರಂಟಿನಾ?" ಎಂದಳು. ಪಾಪ, ಅವಳೂ ಬೆವರುತ್ತಿದ್ದಳು. ಒಳಗೆಲ್ಲೋ ಅವರು ನನಗಾಗಿ ಕಾಯುತ್ತಿದ್ದಾರೆ, ನಾನಿಲ್ಲಿ ಅವರ ವಂಶವನ್ನು ಒಬ್ಬೊಬ್ಬರಾಗಿ ಬಿಡಿಸಿ ಹೇಳುತ್ತ ನಿಂತಿದ್ದೇನೆ.

ಕೊನೆಗೆ ಸೆಕ್ಯೂರಿಟಿಯವನಿಗೇ ಕನಿಕರ ಬಂತು. "ಹೋಗಿ ಮೇಡಂ, ನೋಡ್ಕೊಂಡು ಬಂದ್ಬಿಡಿ."

ಒಂದೊಂದೇ ಹಾಸಿಗೆ ನೋಡುತ್ತ ಹೋದೆ. ಮೂಲೆಯದರಲ್ಲಿ ಯಾರಿಗೋ ಮುಖವೂ ಮುಚ್ಚುವಂತೆ ಹೊದಿಸಿದ್ದರು. ಹೊದಿಕೆ ಗಿಡ್ಡ. ಹೊರಗುಳಿದ ಬಲಗಾಲಿನ ಹರಡಿನ ಮೇಲೆ ಆ ಕಪ್ಪು ಕಲೆ.

ಹಿಂದಿನಿಂದ ಕೌಂಟರಿನ ಹುಡುಗಿ ಓಡಿ ಬಂದಳು. "ಸಿಕ್ಕಿದ್ರು ಮೇಡಂ! ಮನೆತನ, ತಾತ ಎರಡನ್ನೂ ಸೇರ್ಸಿ ಸರ್‌ನೇಮ್ ಅಂತ ಹಾಕ್ಬಿಟ್ಟಿದಾರೆ, ಅದಕ್ಕೇ..." ಅಷ್ಟರಲ್ಲಿ ಅವಳಿಗೆ ಹಾಸಿಗೆ ಕಂಡಿತು.

ಕಾಲು ಮುಚ್ಚಲೆಂದು ಹೊದಿಕೆ ಎಳೆದೆ, ಮುಖ ಕಂಡಿತು. ಅಳುವ ಮೊದಲು ಅವರ ಹೆಸರನ್ನು ಪೂರ್ತಿ ಹೇಳಿದೆ, ಯಾರನ್ನೂ ಬಿಡದೆ.